ತಗಡಿನ ಮಾಡಿನೊಳಗಿನ ಇಬ್ಬನಿ

ಧನುರ್ಮಾಸದ ಬೆಳಗಿನ ಜಾವ ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಕಾಣಬರುವ ಒಂದು ಸಾಮಾನ್ಯ ಸಂಗತಿಯನ್ನು ಈ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ಆಕಾಶ ನಿರ್ಮಲವಾಗಿರುತ್ತದೆ; ಮಳೆ ಬಿದ್ದು ವಾರಗಳೇ ಕಳೆದಿರುತ್ತವೆ. ಆದರೂ ತಗಡಿನ ಮಾಡಿನ ಕೆಳಗೆ ಮಲಗಿದವರ ಹೊದಿಕೆಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಮೂಲೆಯಲ್ಲಿಟ್ಟ ಪುಸ್ತಕಗಳ ರಟ್ಟು ಮೆತ್ತಗಾಗುತ್ತದೆ. ಹಾಸಿಗೆಯ ಅಡಿಯಲ್ಲಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ಮನೆಯವರು ಮಾಡು ಸೋರುತ್ತಿದೆಯೆಂದು ತೀರ್ಮಾನಿಸಿ ರಿಪೇರಿಯವನನ್ನು ಕರೆಸುತ್ತಾರೆ. ಅವನು ಬರುವ ಹೊತ್ತಿಗೆ ಬಿಸಿಲೇರಿ ತಗಡು ಒಣಗಿರುತ್ತದೆ. ಅವನು ಬೋಲ್ಟುಗಳ ತಲೆಗೆಲ್ಲ ಟಾರು ಮೆತ್ತಿ, ಕೂಲಿ ಪಡೆದು ಹೋಗುತ್ತಾನೆ. ಮರುದಿನ ನಸುಕಿನಲ್ಲಿ ನೀರು ಮತ್ತೆ ತೊಟ್ಟಿಕ್ಕುತ್ತದೆ.

ವಿಜಯನಗರದಲ್ಲಿ ಮಹಡಿಯ ಮೇಲಿನ ಶೀಟಿನ ಕೋಣೆಯೊಂದರಲ್ಲಿ ಬಾಡಿಗೆಗಿದ್ದ ಪರಿಚಿತ ಕುಟುಂಬವೊಂದು ಒಂದೇ ಚಳಿಗಾಲದಲ್ಲಿ ಮೂರು ಬಾರಿ ಹೀಗೆ ಹಣ ತೆತ್ತುದನ್ನು ಈ ಲೇಖಕನು ಬಲ್ಲನು. ಮೂರನೆಯ ಸಲ ಟಾರಿನ ಜೊತೆಗೆ, ಗೋಡೆಗೂ ಶೀಟಿಗೂ ನಡುವೆ ಇದ್ದ ಸಂದುಗಳಿಗೆಲ್ಲ ಗಾರೆಯನ್ನೂ ತುಂಬಿಸಲಾಯಿತು. ಅದಾದ ಮೇಲೆ ನೀರು ಕಡಿಮೆಯಾಗುವುದಕ್ಕೆ ಬದಲು ಹೆಚ್ಚಾಯಿತು. ಆ ಮನೆಯ ಚಿಕ್ಕ ಮಗುವಿನ ಕೆಮ್ಮು ಬೇಸಗೆಯವರೆಗೂ ನಿಲ್ಲಲಿಲ್ಲ. ರೋಗದ ನಿದಾನ ತಪ್ಪಿದರೆ ಔಷಧವೇ ವಿಷವಾಗುವುದೆಂಬುದಕ್ಕೆ ಇದೊಂದು ನಿದರ್ಶನ. ಮಾಡಿನಿಂದ ಬೀಳುವ ಆ ನೀರು ಹೊರಗಿನಿಂದ ಬಂದುದಲ್ಲ. ಕೋಣೆಯೊಳಗಿನವರ ಉಸಿರಿನಿಂದಲೂ ಒಲೆಯಿಂದಲೂ ಹುಟ್ಟಿದ ಆವಿಯೇ ತಣ್ಣನೆಯ ಲೋಹವನ್ನು ಮುಟ್ಟಿ ನೀರಾಗಿ ಮರಳುತ್ತಿದೆ. ಇದನ್ನು ತಿಳಿದವನು ಸಂದುಗಳನ್ನು ಮುಚ್ಚುವ ಬದಲು ತೆರೆಯುತ್ತಾನೆ. ಈ ಮಾತಿನ ಆಧಾರವನ್ನೂ ಅದರಿಂದ ಒದಗುವ ಪರಿಹಾರಗಳನ್ನೂ ಕ್ರಮವಾಗಿ ನಿರೂಪಿಸುವುದೇ ಇಲ್ಲಿಯ ಉದ್ದೇಶ.

ಸಮಸ್ಯೆ ಎಲ್ಲಿಯದು?

ರಾಜಗೋಪಾಲಾಚಾರಿಯವರ ಹೆಸರಿನಲ್ಲಿ 1949ರಲ್ಲಿ ಆರಂಭವಾದ ರಾಜಾಜಿನಗರದಲ್ಲಿ ವಾಸದ ಮನೆಗಳ ಜೊತೆಗೆ ಸಣ್ಣ ಕೈಗಾರಿಕೆಗಳೂ ಬೆಳೆದುವು. ಅಲ್ಲಿಯ ಕಾರ್ಖಾನೆಗಳಲ್ಲಿ ತಗಡಿನ ಮಾಡು ಮೊದಲಿನಿಂದಲೂ ಬಳಕೆಯಲ್ಲಿದೆ. ವಿಜಯನಗರ, ಬಸವೇಶ್ವರನಗರಗಳಲ್ಲಿ ಕಾಂಕ್ರೀಟಿನ ಮಹಡಿಯ ಮೇಲೆ ಶೀಟು ಹೊದಿಸಿದ ಒಂಟಿ ಕೋಣೆಗಳು ವಿದ್ಯಾರ್ಥಿಗಳಿಗೂ ಕೂಲಿಕಾರರಿಗೂ ಆಶ್ರಯವಾಗಿವೆ. ಕೆಂಗೇರಿಯ ಕಡೆಗೆ ನಗರವು ಬೆಳೆದಂತೆಲ್ಲ, ಕಟ್ಟಡಗಳನ್ನು ಕಟ್ಟುವ ಕೆಲಸಗಾರರು ನಾಲ್ಕೂ ಗೋಡೆ ಮತ್ತು ಮಾಡು ತಗಡಿನದೇ ಆದ ಗೂಡುಗಳಲ್ಲಿ ಸಂಸಾರ ನಡೆಸುತ್ತಾರೆ. ಕೆಂಗೇರಿಯು ವೃಷಭಾವತಿಯ ಕಣಿವೆಯಲ್ಲಿದೆ. ರಾತ್ರಿ ತಣಿದ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಇಂತಹ ಕಣಿವೆಗಳಲ್ಲಿ ಮಂಜೂ ಇಬ್ಬನಿಯೂ ಹೆಚ್ಚು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವ ಊರು. ಚಳಿಗಾಲದಲ್ಲಿ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15ರಿಂದ 17 ಡಿಗ್ರಿ ಸೆಂಟಿಗ್ರೇಡಿನ ಸುತ್ತ ಇಳಿಯುತ್ತದೆ. 1884ರ ಜನವರಿಯಲ್ಲಿ 7.8 ಡಿಗ್ರಿಯವರೆಗೆ ಇಳಿದುದು ಇಲ್ಲಿಯ ದಾಖಲೆ. ಇದು ಯೂರೋಪಿನ ಚಳಿಯಲ್ಲ. ಆದ್ದರಿಂದಲೇ ನಮ್ಮ ಜನಕ್ಕೆ ಮನೆಯೊಳಗೆ ಇಬ್ಬನಿ ಕಟ್ಟೀತೆಂಬ ಶಂಕೆಯೇ ಹುಟ್ಟುವುದಿಲ್ಲ. ಆದರೆ ಇಬ್ಬನಿಗೆ ಬೇಕಾದುದು ಕಠೋರವಾದ ಚಳಿಯಲ್ಲ. ಗಾಳಿಗೂ ಅದು ಮುಟ್ಟುವ ಮೈಗೂ ನಡುವಣ ಅಂತರ ಮಾತ್ರ.

ಇಬ್ಬನಿ ಬಿಂದು

ಗಾಳಿ ಎಷ್ಟು ನೀರಾವಿಯನ್ನು ಹಿಡಿದಿಡಬಲ್ಲುದು ಎಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. 24 ಡಿಗ್ರಿಯಲ್ಲಿ ಒಂದು ಘನಮೀಟರು ಸ್ಥಳವು ಹೆಚ್ಚೆಂದರೆ ಸುಮಾರು 21.8 ಗ್ರಾಂ ಆವಿಯನ್ನು ಹಿಡಿಯುತ್ತದೆ. 20 ಡಿಗ್ರಿಯಲ್ಲಿ 17.3 ಗ್ರಾಂ, 17 ಡಿಗ್ರಿಯಲ್ಲಿ 14.5 ಗ್ರಾಂ, 15 ಡಿಗ್ರಿಯಲ್ಲಿ 12.8 ಗ್ರಾಂ. ಗಾಳಿಯನ್ನು ತಣಿಸುತ್ತ ಹೋದರೆ ಒಂದು ಹಂತದಲ್ಲಿ ಅದರಲ್ಲಿರುವ ಆವಿಯೇ ಅದರ ಮಿತಿಯಾಗುತ್ತದೆ. ಆ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ಅದಕ್ಕಿಂತ ತಣ್ಣಗಿರುವ ಯಾವ ಮೈಯನ್ನು ಆ ಗಾಳಿ ಸೋಕಿದರೂ, ಹೆಚ್ಚಾದ ಆವಿ ಆ ಮೈಯ ಮೇಲೆ ನೀರಾಗಿ ನಿಲ್ಲುತ್ತದೆ.

ಇದನ್ನು ಪರೀಕ್ಷಿಸಲು ಯಂತ್ರಗಳು ಬೇಕಾಗಿಲ್ಲ. ಒಂದು ಸ್ಟೀಲಿನ ಲೋಟದಲ್ಲಿ ನೀರು ತೆಗೆದುಕೊಂಡು, ಸ್ವಲ್ಪ ಸ್ವಲ್ಪವಾಗಿ ಮಂಜುಗಡ್ಡೆ ಹಾಕುತ್ತ, ಉಷ್ಣಮಾಪಕದಿಂದ ಕದಡುತ್ತಿರಬೇಕು. ಲೋಟದ ಹೊರಮೈ ಮೊದಲು ಮಸುಕಾದಾಗ ಕಾಣುವ ಉಷ್ಣತೆಯೇ ಆ ಕೋಣೆಯ ಇಬ್ಬನಿ ಬಿಂದು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಲೆ ರಾಯ್ ಎಂಬ ವಿದ್ವಾಂಸನು ಅನುಸರಿಸಿದ ಕ್ರಮವೂ ಹೆಚ್ಚು ಕಡಿಮೆ ಇದೇ. ಲೋಟದ ಹೊರಗೆ ಕಟ್ಟಿದ ನೀರು ಲೋಟದೊಳಗಿನಿಂದ ಸೋರಿ ಬಂದುದೆಂದು ಯಾರೂ ಹೇಳುವುದಿಲ್ಲ. ತಗಡಿನ ಮಾಡು ತಲೆಕೆಳಗಾದ ಅಂತಹದೇ ಲೋಟ. ಅದರ ತಣ್ಣನೆಯ ಕಡೆ ಆಕಾಶ, ಮಸುಕಾಗುವ ಕಡೆ ನಮ್ಮ ಕೋಣೆ.

ತಗಡು ಗಾಳಿಗಿಂತಲೂ ತಣ್ಣಗಾಗುವುದೇಕೆ?

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹೊರಗಿನ ಗಾಳಿ 17 ಡಿಗ್ರಿಯಲ್ಲಿದ್ದರೆ ತಗಡೂ 17 ಡಿಗ್ರಿಯಲ್ಲೇ ನಿಲ್ಲಬೇಕಲ್ಲವೆ? ಇದಕ್ಕೆ ಉತ್ತರವನ್ನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಪ್ರಕಟಿಸಿದ ಇಬ್ಬನಿಯನ್ನು ಕುರಿತ ಪ್ರಬಂಧದಲ್ಲಿ ಕೊಟ್ಟನು. ಅವನು ತೂಕಮಾಡಿದ ಉಣ್ಣೆಯ ಎಳೆಗಳನ್ನು ರಾತ್ರಿ ಬಯಲಿನಲ್ಲಿ ಇರಿಸಿ, ಬೆಳಗ್ಗೆ ಅವು ಎಷ್ಟು ನೀರು ಹಿಡಿದಿವೆಯೆಂದು ಅಳೆದನು. ಎತ್ತರಿಸಿದ ಒಂದು ಹಲಗೆಯ ಮೇಲಿದ್ದ ಉಣ್ಣೆ ಬಹಳ ತೊಯ್ದಿತ್ತು. ಅದೇ ಹಲಗೆಯ ಕೆಳಗೆ, ಆಕಾಶಕ್ಕೆ ಮರೆಯಾಗಿದ್ದ ಉಣ್ಣೆ ಕಡಿಮೆ ತೊಯ್ದಿತ್ತು. ಮೋಡವಿಲ್ಲದ ರಾತ್ರಿಗಳಲ್ಲಿ ಇಬ್ಬನಿ ಹೆಚ್ಚು, ಮೋಡ ಕವಿದಾಗ ಕಡಿಮೆ. ಭೂಮಿಯ ಮೇಲಿನ ಎಲ್ಲ ವಸ್ತುಗಳೂ ತಮ್ಮ ಶಾಖವನ್ನು ಕಣ್ಣಿಗೆ ಕಾಣದ ವಿಕಿರಣದ ರೂಪದಲ್ಲಿ ಸೂಸುತ್ತಿರುತ್ತವೆ. ಮೇಲೆ ಮೋಡವೋ ಮರವೋ ಇದ್ದರೆ ಅದು ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ; ನಿರ್ಮಲವಾದ ಆಕಾಶ ಅಷ್ಟನ್ನು ಹಿಂದಿರುಗಿಸುವುದಿಲ್ಲ. ಆದ್ದರಿಂದ ಆಕಾಶಕ್ಕೆ ಮುಖಮಾಡಿದ ಮೈ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಕೆಳಗೆ ಇಳಿಯುತ್ತದೆ.

ಎಲ್ಲ ಮಾಡುಗಳೂ ಆಕಾಶವನ್ನೇ ನೋಡುತ್ತವೆ. ಆದರೂ ತಗಡು ಮಾತ್ರ ಈ ತೊಂದರೆಗೆ ವಿಶೇಷವಾಗಿ ಈಡಾಗಲು ಅದರ ತೆಳುವೇ ಕಾರಣ. ಅರ್ಧ ಮಿಲಿಮೀಟರು ದಪ್ಪದ ಉಕ್ಕಿನ ಶೀಟು ಚದರ ಮೀಟರಿಗೆ 4 ಕಿಲೋಗ್ರಾಮಿಗಿಂತ ತುಸು ಕಡಿಮೆ ತೂಗುತ್ತದೆ. ಚದರ ಮೀಟರಿಗೆ 50 ವಾಟ್‌ನಂತೆ ಶಾಖ ಹೊರಟುಹೋಗುತ್ತಿದ್ದು, ಬೇರೆಡೆಯಿಂದ ಶಾಖ ಬಾರದಿದ್ದರೆ, ಅದು ಒಂದು ಡಿಗ್ರಿ ತಣಿಯಲು ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಸುಮಾರು 12 ಸೆಂಟಿಮೀಟರು ದಪ್ಪದ ಕಾಂಕ್ರೀಟು ಅಷ್ಟೇ ತಣಿಯಲು ಒಂದು ಗಂಟೆ ಇಪ್ಪತ್ತು ನಿಮಿಷಗಳಿಗೂ ಮೀರಿ ಬೇಕು. ಕಾಂಕ್ರೀಟಿಗೆ ಹಗಲಿನ ಬಿಸಿಲಿನ ನೆನಪು ರಾತ್ರಿಯೆಲ್ಲ ಉಳಿದಿರುತ್ತದೆ. ತಗಡಿಗೆ ಅಂತಹ ನೆನಪೇ ಇಲ್ಲ. ಸಂಜೆ ಏಳರ ಹೊತ್ತಿಗೇ ಅದು ಆಕಾಶದ ವಶವಾಗಿರುತ್ತದೆ.

ಹೆಂಚಿನ ಮಾಡಿಗೆ ಮತ್ತೊಂದು ಗುಣವಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ನಮ್ಮ ನಾಡಿನಲ್ಲಿ ಪಸರಿಸಿದ ಮಂಗಳೂರು ಹೆಂಚಾಗಲಿ, ಅದಕ್ಕೂ ಹಳೆಯದಾದ ನಾಡಹೆಂಚಾಗಲಿ ಸುಟ್ಟ ಮಣ್ಣಿನವು. ಅವು ಕಟ್ಟಿದ ನೀರನ್ನು ಸ್ವಲ್ಪಮಟ್ಟಿಗೆ ಹೀರಿಕೊಂಡು ಹಗಲಿನಲ್ಲಿ ಬಿಟ್ಟುಕೊಡುತ್ತವೆ. ಹೆಂಚು ಹೆಂಚುಗಳ ನಡುವಣ ಸಂದುಗಳಲ್ಲಿ ಒಲೆಯ ಹೊಗೆಯೊಡನೆ ಆವಿಯೂ ಹೊರಟುಹೋಗುತ್ತದೆ. ಹೆಂಚನ್ನು ಕಳಚಿ ತಗಡನ್ನು ಹೊದಿಸಿದವರು ಮಳೆಯ ನೀರನ್ನು ತಡೆದರು. ಅದರೊಡನೆ ಮನೆಯ ಉಸಿರಾಟವನ್ನೂ ತಡೆದರೆಂಬುದು ಅವರ ಗಮನಕ್ಕೆ ಬರಲಿಲ್ಲ.

ಆವಿ ಎಲ್ಲಿಂದ ಬಂತು?

ನಿದ್ರಿಸುವ ಮನುಷ್ಯನೊಬ್ಬನು ಉಸಿರಿನಿಂದಲೂ ಚರ್ಮದಿಂದಲೂ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಗಾಳಿಗೆ ಸೇರಿಸುತ್ತಾನೆ. ನಾಲ್ವರು ಎಂಟು ಗಂಟೆ ಮಲಗಿದರೆ ಒಂದೂಕಾಲು ಲೀಟರು ನೀರಾಯಿತು. ಅಡಿಗೆಯ ಅನಿಲವು ಉರಿದಾಗ ಅದರಲ್ಲಿನ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಕಿಲೋಗ್ರಾಂ ಅನಿಲಕ್ಕೆ ಒಂದೂವರೆ ಕಿಲೋಗ್ರಾಮಿಗೂ ಮೀರಿ ನೀರು ಹುಟ್ಟುತ್ತದೆ. 14.2 ಕಿಲೋಗ್ರಾಮಿನ ಒಂದು ಸಿಲಿಂಡರು ಬರಿದಾಗುವಷ್ಟರಲ್ಲಿ ಮನೆಯ ಗಾಳಿಗೆ ಸುಮಾರು 22 ಲೀಟರು ನೀರನ್ನು ಬಿಟ್ಟಿರುತ್ತದೆ. ಕುದಿಯುವ ಅನ್ನ ಸಾರುಗಳ ಆವಿಯೂ, ಒಳಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆಗಳಿಂದ ಏಳುವ ಒಂದೆರಡು ಲೀಟರು ನೀರೂ ಈ ಲೆಕ್ಕಕ್ಕೆ ಹೊರತಾದುವು.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. 3 ಮೀಟರು ಅಗಲ, 4 ಮೀಟರು ಉದ್ದ, ಎರಡೂವರೆ ಮೀಟರು ಎತ್ತರದ ಕೋಣೆಯಲ್ಲಿ 30 ಘನಮೀಟರು ಗಾಳಿ ಇರುತ್ತದೆ. ನಾಲ್ವರು ಅದರಲ್ಲಿ ಮಲಗಿದ್ದಾರೆ. ಗಂಟೆಗೆ 160 ಗ್ರಾಂ ಆವಿ ಸೇರುತ್ತಿದೆ. ಹೊರಗೆ 17 ಡಿಗ್ರಿ ಉಷ್ಣತೆ, ಶೇಕಡ 80 ಸಾಪೇಕ್ಷ ಆರ್ದ್ರತೆ. ಅಂದರೆ ಹೊರಗಿನ ಗಾಳಿಯ ಘನಮೀಟರಿಗೆ 11.6 ಗ್ರಾಂ ಆವಿ. ತಗಡಿನ ಒಳಮೈ 15 ಡಿಗ್ರಿಗೆ ಇಳಿದಿದೆಯೆಂದು ಇಟ್ಟುಕೊಳ್ಳೋಣ. ಆ ಮೈಯನ್ನು ಸೋಕುವ ಗಾಳಿ 12.8 ಗ್ರಾಮಿಗಿಂತ ಹೆಚ್ಚು ಆವಿಯನ್ನು ಹೊತ್ತಿದ್ದರೆ ಇಬ್ಬನಿ ಕಟ್ಟಲೇಬೇಕು.

ಗಂಟೆಗೊಂದು ಬಾರಿ ಮಾತ್ರ ಕೋಣೆಯ ಗಾಳಿಯೆಲ್ಲ ಬದಲಾಗುವಷ್ಟು ಸಂದುಗಳಿವೆ ಎನ್ನೋಣ. ಆಗ 160 ಗ್ರಾಂ ಆವಿಯು 30 ಘನಮೀಟರಿಗೆ ಹಂಚಿ, ಒಳಗಿನ ಗಾಳಿಯಲ್ಲಿ ಆವಿಯು ಹೊರಗಿನದಕ್ಕಿಂತ 5.3 ಗ್ರಾಮಿನಷ್ಟು ಮೇಲಕ್ಕೆ, ಎಂದರೆ 17 ಗ್ರಾಮಿನ ಹತ್ತಿರಕ್ಕೆ ಏರಲು ಹವಣಿಸುತ್ತದೆ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 20 ಡಿಗ್ರಿ. 15 ಡಿಗ್ರಿಯ ತಗಡು ಅದನ್ನು ಅಷ್ಟು ಮೇಲಕ್ಕೆ ಏರಗೊಡದೆ, ಹೆಚ್ಚಿನದನ್ನು ನೀರಾಗಿಸಿ ತನ್ನ ಮೇಲೆಳೆದುಕೊಳ್ಳುತ್ತದೆ. ಗಾಳಿಯು ಗಂಟೆಗೆ ನಾಲ್ಕೂವರೆ ಬಾರಿ ಬದಲಾದರೆ ಮಾತ್ರ ಒಳಗಿನ ಆವಿ 12.8 ಗ್ರಾಮಿನ ಮಿತಿಯೊಳಗೆ ನಿಲ್ಲುತ್ತದೆ. ಸಂದುಗಳಿಗೆ ಗಾರೆ ತುಂಬಿಸಿದ ಆ ಕುಟುಂಬಕ್ಕೆ ನೀರು ಹೆಚ್ಚಾದುದೇಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಸೋರಿಕೆಯೋ ಇಬ್ಬನಿಯೋ?

ಪರಿಹಾರಕ್ಕೆ ಮುನ್ನ ನಿದಾನ ಖಚಿತವಾಗಬೇಕು. ಮಳೆಯೊಡನೆ ಬಂದು ಮಳೆಯೊಡನೆ ನಿಲ್ಲುವುದು ಸೋರಿಕೆ. ಮಳೆಯಿಲ್ಲದ ನಿರ್ಮಲ ರಾತ್ರಿಗಳಲ್ಲಿ ಬಂದು, ಮೋಡ ಕವಿದ ರಾತ್ರಿಗಳಲ್ಲಿ ಕಡಿಮೆಯಾಗುವುದು ಇಬ್ಬನಿ. ಸೋರಿಕೆಯ ನೀರು ಒಂದೆರಡು ಗೊತ್ತಾದ ಸ್ಥಳಗಳಿಂದ ಇಳಿಯುತ್ತದೆ. ಇಬ್ಬನಿಯು ಇಡೀ ಶೀಟಿನ ಮೇಲೆ ಸಣ್ಣ ಹನಿಗಳಾಗಿ ಹರಡಿ, ಇಳಿಜಾರಿನಲ್ಲಿ ಜಾರಿ, ಅಡ್ಡ ಪೈಪುಗಳಿಗೂ ಬೋಲ್ಟುಗಳಿಗೂ ತಡೆದು ಅಲ್ಲಿ ತೊಟ್ಟಿಕ್ಕುತ್ತದೆ. ಬೋಲ್ಟಿನ ಕೆಳಗೆ ನೀರನ್ನು ಕಂಡವರು ಬೋಲ್ಟಿನ ತೂತನ್ನೇ ದೂರುವುದು ಇದರಿಂದ. ಸಂಶಯ ಉಳಿದರೆ, ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯೊಂದನ್ನು ಹಗಲಿನಲ್ಲಿ, ಶೀಟು ಒಣಗಿರುವಾಗ, ಅದರ ಒಳಮೈಗೆ ಒತ್ತಿ ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಬೇಕು. ಮರುದಿನ ನಸುಕಿನಲ್ಲಿ ಕೋಣೆಯ ಕಡೆಯ ಮುಖ ಒದ್ದೆಯಾಗಿದ್ದರೆ ಅದು ಕೋಣೆಯದೇ ಆವಿ. ಹಾಳೆಯ ಹಿಂದೆ ನೀರು ನಿಂತಿದ್ದರೆ ಮಾಡಿನಲ್ಲಿ ತೂತಿದೆ.

ಉಕ್ಕಿನ ದೋಣಿಯ ಪಾಠ

ಈ ಸಮಸ್ಯೆಯನ್ನು ನಮಗಿಂತ ಕಠಿಣವಾದ ಸ್ಥಿತಿಯಲ್ಲಿ ಎದುರಿಸಿದ ಜನರಿದ್ದಾರೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ಹಿಂದೆ ಸರಕು ಸಾಗಿಸುತ್ತಿದ್ದ, ಏಳು ಅಡಿಗಿಂತಲೂ ತುಸು ಕಿರಿದಾದ ದೋಣಿಗಳ ಮಾದರಿಯಲ್ಲೇ ಉಕ್ಕಿನ ವಾಸದ ದೋಣಿಗಳನ್ನು ಈಗ ಕಟ್ಟುತ್ತಾರೆ; ಅನೇಕರು ವರ್ಷವಿಡೀ ಅವುಗಳಲ್ಲೇ ಇರುತ್ತಾರೆ. ಅಲ್ಲಿ ಮಾಡು ಮಾತ್ರವಲ್ಲ, ಗೋಡೆಯೂ ತಳವೂ ಉಕ್ಕಿನವು. ತಳದ ಕೆಳಗೆ ಚಳಿಗಾಲದ ತಣ್ಣೀರು. ಅವರ ಅನುಭವದಿಂದ ಮೂರು ಪಾಠಗಳನ್ನು ನಾವು ಎರವಲು ಪಡೆಯಬಹುದು.

ಮೊದಲನೆಯದು, ಚಾವಣಿಯ ಗಾಳಿಕಂಡಿಗಳನ್ನು ಎಂತಹ ಚಳಿಯಲ್ಲೂ ಮುಚ್ಚಬಾರದು. ಎರಡನೆಯದು, ಶಾಖನಿರೋಧಕವನ್ನು ಉಕ್ಕಿಗೆ ಅಂಟಿದಂತೆಯೇ ಹಾಕಬೇಕು. ಅದಕ್ಕಾಗಿ ಅಲ್ಲಿಯವರು ನೊರೆಯಂತಹ ದ್ರವವನ್ನು ಉಕ್ಕಿನ ಒಳಮೈಗೆ ನೇರವಾಗಿ ಸಿಂಪಡಿಸಿ ಗಟ್ಟಿಯಾಗಲು ಬಿಡುತ್ತಾರೆ. ನಡುವೆ ಸಂದು ಉಳಿದರೆ ಆವಿಯು ಅದರೊಳಕ್ಕೆ ನುಸುಳಿ, ಕಣ್ಣಿಗೆ ಬೀಳದ ಜಾಗದಲ್ಲಿ ನೀರಾಗಿ, ಉಕ್ಕನ್ನು ತುಕ್ಕು ಹಿಡಿಸುತ್ತದೆ. ಮೂರನೆಯದು, ಒಲೆಗೆ ಹೊಗೆಕೊಳವೆ ಇರಬೇಕು. ಹೊಗೆಕೊಳವೆಯುಳ್ಳ ಒಲೆ ತನ್ನ ಆವಿಯನ್ನೂ ವಿಷವನ್ನೂ ಹೊರಗೆ ಕಳುಹಿಸಿ ಒಣ ಶಾಖವನ್ನು ಮಾತ್ರ ಒಳಗೆ ಉಳಿಸುತ್ತದೆ.

ನಮ್ಮ ಮನೆಗಳಿಗೆ ಪರಿಹಾರ

ಪರಿಹಾರಗಳನ್ನು ಅವುಗಳ ವೆಚ್ಚದ ಕ್ರಮದಲ್ಲಿ ಹೇಳುವುದು ಉಚಿತ.

ವೆಚ್ಚವಿಲ್ಲದ ಮೊದಲನೆಯ ಕ್ರಮ, ಆವಿಯನ್ನು ಹುಟ್ಟಿದಲ್ಲೇ ಮಿತಗೊಳಿಸುವುದು. ಬೇಯುವ ಪಾತ್ರೆಗೆ ಮುಚ್ಚಳ ಹಾಕುವುದು, ಒಲೆಯನ್ನು ಕಿಟಕಿಯ ಬಳಿಗೆ ಸರಿಸುವುದು, ಅಡಿಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಕಿಟಕಿಯನ್ನು ತೆರೆದಿಡುವುದು, ಬಟ್ಟೆಯನ್ನು ಒಳಗೆ ಒಣಹಾಕದಿರುವುದು. ಕಪಾಟು, ಟ್ರಂಕು, ಹಾಸಿಗೆಗಳನ್ನು ತಗಡಿನ ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟರೆ ಹಿಂದೆ ಗಾಳಿ ಆಡಿ ಬೂಷ್ಟು ಕಡಿಮೆಯಾಗುತ್ತದೆ.

ಎರಡನೆಯದು, ಆವಿಗೆ ದಾರಿ ಕೊಡುವುದು. ಮೇಲಿನ ಉದಾಹರಣೆಯ ಕೋಣೆಗೆ ಬೇಕಾದ ಗಾಳಿ ಗಂಟೆಗೆ ಸುಮಾರು 135 ಘನಮೀಟರು. ಕಂಡಿಯಲ್ಲಿ ಗಾಳಿ ಸೆಕೆಂಡಿಗೆ 20 ಸೆಂಟಿಮೀಟರಿನಷ್ಟು ಮಂದವಾಗಿ ಚಲಿಸಿದರೂ, ಎರಡು ಚದರ ಅಡಿಯ ಕಂಡಿಯೊಂದು ಒಳಬರಲು, ಅಷ್ಟೇ ದೊಡ್ಡದೊಂದು ಹೊರಹೋಗಲು ಇದ್ದರೆ ಸಾಕು. ಉಸಿರಿನಿಂದ ಬೆಚ್ಚಗಾದ, ಆವಿ ತುಂಬಿದ ಗಾಳಿ ಹಗುರವಾಗಿ ಮೇಲಕ್ಕೇರುವುದರಿಂದ, ಹೊರಹೋಗುವ ಕಂಡಿ ಮಾಡಿನ ಅತ್ಯಂತ ಎತ್ತರದ ಅಂಚಿನಲ್ಲಿಯೂ ಒಳಬರುವುದು ಎದುರು ಗೋಡೆಯಲ್ಲಿ ಕೆಳಗೂ ಇರಬೇಕು. ಎರಡಕ್ಕೂ ಸೊಳ್ಳೆಯ ಜಾಲರಿ ಹಾಕಿಸಬೇಕಾಗುತ್ತದೆ. ಜಾಲರಿ ಗಾಳಿಯನ್ನು ಸ್ವಲ್ಪ ತಡೆಯುವುದರಿಂದ ಕಂಡಿಯನ್ನು ಅದಕ್ಕೆ ತಕ್ಕಂತೆ ಹಿಗ್ಗಿಸುವುದು ಮೇಲು. ಹೊರಗಿನ ಗಾಳಿಯೂ ಮಂಜಿನಿಂದ ತೇವವಾಗಿರುವುದಲ್ಲ, ಅದನ್ನು ಒಳಗೆ ಬಿಟ್ಟು ಫಲವೇನು ಎಂದು ಕೇಳುವವರಿದ್ದಾರೆ. ಹೊರಗಿನ ಗಾಳಿ ತಣ್ಣಗಿರುವುದರಿಂದ ತೇವವೆನಿಸುತ್ತದೆಯೇ ಹೊರತು ಅದು ಹೊತ್ತಿರುವ ಆವಿಯ ಮೊತ್ತ ಒಳಗಿನದಕ್ಕಿಂತ ಕಡಿಮೆ.

ಮೂರನೆಯದು, ಮಾಡನ್ನು ಆಕಾಶದಿಂದ ಮರೆಮಾಡುವುದು. ಬೇಸಗೆಯ ಧಗೆಗಾಗಿ ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವ ರೂಢಿ ನಮ್ಮಲ್ಲಿ ಉಂಟು. ಶೀಟಿನಿಂದ ಒಂದು ಗೇಣು ಮೇಲೆ ಚಪ್ಪರದಂತೆ ಅದನ್ನು ಕಟ್ಟಿದರೆ ಚಳಿಗಾಲದಲ್ಲಿಯೂ ಉಪಕಾರವಾಗುತ್ತದೆ. ಆಗ ಆಕಾಶವನ್ನು ನೋಡಿ ತಣಿಯುವುದು ಗರಿ. ಶೀಟು ಗರಿಯನ್ನು ನೋಡುತ್ತಿರುತ್ತದೆ. ವೆಲ್ಸನ ಹಲಗೆ ಕೆಳಗಿನ ಉಣ್ಣೆಗೆ ಮಾಡಿದುದನ್ನೇ ಗರಿ ಶೀಟಿಗೆ ಮಾಡುತ್ತದೆ. ಬೆಂಕಿಯ ಭಯವಿರುವಲ್ಲಿ ತೋಟಗಾರಿಕೆಯವರು ಬಳಸುವ ನೆರಳುಬಲೆಯನ್ನು ಎರಡು ಮಡಿಕೆಯಾಗಿ ಕಟ್ಟುವುದುಂಟು. ಅದೂ ಉರಿಯದ ವಸ್ತುವಲ್ಲವಾದ್ದರಿಂದ ಒಲೆಯ ಹೊಗೆಕೊಳವೆಯಿಂದ ದೂರವಿರಬೇಕು.

ಇಲ್ಲಿ ಬಿಳಿಯ ಬಣ್ಣವನ್ನು ಕುರಿತು ಒಂದು ಮಾತು. ಬಿಸಿಲನ್ನು ಹಿಂದಕ್ಕೆ ಎಸೆಯಲು ಶೀಟಿಗೆ ಬಿಳಿ ಬಣ್ಣ ಬಳಿಯುವುದು ಒಳ್ಳೆಯದೇ. ಆದರೆ ಕಣ್ಣಿಗೆ ಬಿಳಿಯಾಗಿ ಕಾಣುವ ಬಣ್ಣ ರಾತ್ರಿಯ ಶಾಖವಿಕಿರಣದ ದೃಷ್ಟಿಯಿಂದ ಕಪ್ಪಿಗೆ ಸಮಾನ. ಹೊಳೆಯುವ ಹೊಸ ಸತುವಿನ ಲೇಪ ಶಾಖವನ್ನು ಸೂಸುವುದು ಕಡಿಮೆ; ಬಣ್ಣ ಬಳಿದ ಮೇಲೆ ಅದೇ ಶೀಟು ಮೂರು ನಾಲ್ಕು ಪಟ್ಟು ಹೆಚ್ಚು ಸೂಸಬಲ್ಲುದು. ಆದ್ದರಿಂದ ಬೇಸಗೆಯಲ್ಲಿ ಬಣ್ಣ ಬಳಿಸಿದವರಿಗೆ ಮುಂದಿನ ಚಳಿಗಾಲದಲ್ಲಿ ಇಬ್ಬನಿ ಹೆಚ್ಚಾದರೆ ಆಶ್ಚರ್ಯಪಡಬೇಕಾಗಿಲ್ಲ. ಬಣ್ಣದ ಜೊತೆಗೆ ಗಾಳಿಕಂಡಿಯೂ ಬೇಕೆಂದು ತಿಳಿದರಾಯಿತು.

ನಾಲ್ಕನೆಯದು, ಶಾಖನಿರೋಧಕದ ಒಳಪದರ. ಕೋಣೆಯ ಗಾಳಿ ಮುಟ್ಟುವ ಮೈ 15ರಿಂದ 18 ಡಿಗ್ರಿಗೆ ಏರಿದರೆ, ಮೇಲಿನ ಲೆಕ್ಕದಲ್ಲಿ ಗಂಟೆಗೆ ನಾಲ್ಕೂವರೆ ಬಾರಿ ಬದಲಾಗಬೇಕಾಗಿದ್ದ ಗಾಳಿ ಒಂದೂವರೆ ಬಾರಿಗೂ ಕಡಿಮೆ ಬದಲಾದರೆ ಸಾಕಾಗುತ್ತದೆ. ಅಂದರೆ ಒಳಪದರವೂ ಗಾಳಿಕಂಡಿಯೂ ಒಂದು ಇನ್ನೊಂದರ ಹೊರೆಯನ್ನು ಇಳಿಸುತ್ತವೆ. ಆದರೆ ಥರ್ಮೊಕೋಲ್ ಹಲಗೆಗಳನ್ನು ಸಡಿಲವಾಗಿ ತೂಗಿಸಿ ಸಂದು ಬಿಟ್ಟರೆ ದೋಣಿಯ ಎರಡನೆಯ ಪಾಠವನ್ನು ಮರೆತಂತಾಗುತ್ತದೆ. ಹಲಗೆಗಳು ಶೀಟಿಗೆ ಅಂಟಿರಬೇಕು, ಕೂಡುಗಳೆಲ್ಲ ಟೇಪಿನಿಂದ ಮುಚ್ಚಿರಬೇಕು. ಥರ್ಮೊಕೋಲ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು; ಒಲೆಯ ಮೇಲ್ಭಾಗದಲ್ಲಿ ಅದು ಸಲ್ಲದು. ವಿದ್ಯುತ್ ತಂತಿಯ ಪಿವಿಸಿ ಹೊದಿಕೆಗೆ ಅದು ತಗುಲಿಕೊಂಡಿದ್ದರೆ ಕಾಲಕ್ರಮದಲ್ಲಿ ಹೊದಿಕೆ ಪೆಡಸಾಗಿ ಬಿರಿಯುತ್ತದೆ. ಆದ್ದರಿಂದ ತಂತಿಗಳನ್ನು ಕೊಳವೆಯಲ್ಲಿ ಒಯ್ಯಬೇಕು. ಮಾಡು ಹಳೆಯ ಕಲ್ನಾರಿನದಾಗಿದ್ದರೆ ಅದಕ್ಕೆ ತೂತು ಕೊರೆಯುವುದಾಗಲಿ ಅದನ್ನು ಒಡೆಯುವುದಾಗಲಿ ಕೂಡದು. ಆ ಧೂಳು ಶ್ವಾಸಕೋಶಕ್ಕೆ ಮಾರಕವಾದುದು.

ಕಾರ್ಖಾನೆಯ ಕಬ್ಬಿಣ

ರಾಜಾಜಿನಗರದಂತಹ ಕಡೆಗಳ ಸಣ್ಣ ಕಾರ್ಖಾನೆಗಳಲ್ಲಿ ಇದೇ ನಿಯಮ ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ತೆಳುವಾದ ತಗಡು ಆಕಾಶವನ್ನು ಕೂಡಲೇ ಅನುಸರಿಸಿದರೆ, ಲೇತಿನಂತಹ ಭಾರವಾದ ಯಂತ್ರ ಹಿಂದಿನ ರಾತ್ರಿಯನ್ನು ಬೆಳಗಿನವರೆಗೂ ತನ್ನಲ್ಲಿ ಉಳಿಸಿಕೊಳ್ಳುತ್ತದೆ. ಬೆಳಗ್ಗೆ ಬಿಸಿಲಿಗೆ ನೆಲದ ಇಬ್ಬನಿ ಆರಿ ಹೊರಗಿನ ಗಾಳಿ ಬೆಚ್ಚಗೂ ತೇವವಾಗಿಯೂ ಆಗುತ್ತದೆ. ಆ ಹೊತ್ತಿಗೆ ಬಾಗಿಲನ್ನು ಪೂರ್ತಿ ತೆರೆದರೆ ಆ ಗಾಳಿ ಇನ್ನೂ ತಣ್ಣಗಿರುವ ಎರಕದ ಕಬ್ಬಿಣವನ್ನು ಸೋಕಿ ಬೆವರಿಸುತ್ತದೆ. ಲೇತಿನ ಹಾಸಿನ ಮೇಲೆ ರಾತ್ರೋರಾತ್ರಿ ಎದ್ದಂತೆ ಕಾಣುವ ತುಕ್ಕು ಅನೇಕ ವೇಳೆ ಬೆಳಗಿನ ಈ ಒಂದು ಗಂಟೆಯ ಕೆಲಸ. ಮಳೆಗಾಲದಲ್ಲಿ ತಂಪಾದ ರಾತ್ರಿಯ ಬೆನ್ನಿಗೆ ಬಿಸಿಲು ಬಂದಾಗಲೂ ಹೀಗೆಯೇ.

ಇಲ್ಲಿ ಪರಿಹಾರ ಯಂತ್ರವನ್ನು ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿಡುವುದು. ವಿದ್ಯುತ್ ಫಲಕಗಳಲ್ಲಿಯೂ ದೊಡ್ಡ ಮೋಟಾರುಗಳಲ್ಲಿಯೂ ಇದಕ್ಕಾಗಿಯೇ ಸಣ್ಣ ಹೀಟರುಗಳನ್ನು ಅಳವಡಿಸುತ್ತಾರೆ. ಕೆಲಸ ಮುಗಿದ ಸಂಜೆ ಹಾಸಿಗೆ ಎಣ್ಣೆ ಸವರಿ, ಉಸಿರಾಡುವ ದಪ್ಪ ಬಟ್ಟೆಯನ್ನು ಹೊದಿಸುವುದು ಹಳೆಯ ಕುಶಲಕರ್ಮಿಗಳ ಪದ್ಧತಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಸಿಕ್ಕಿದ ತೇವ ಅಲ್ಲೇ ಉಳಿಯುತ್ತದೆ. ಮನೆಯವರಿಗೆ ರಾತ್ರಿ ಕಂಡಿ ತೆರೆಯಿರೆಂದೂ ಯಂತ್ರದವರಿಗೆ ಬೆಳಗ್ಗೆ ಬಾಗಿಲು ತಡೆಯಿರೆಂದೂ ಹೇಳುವುದು ವಿರೋಧವಾಗಿ ತೋರಬಹುದು. ಎರಡೂ ಒಂದೇ ಪ್ರಶ್ನೆಗೆ ಉತ್ತರಗಳು: ಆವಿ ಹೆಚ್ಚಾಗಿರುವುದು ಒಳಗೋ ಹೊರಗೋ?

ಒಂದು ಎಚ್ಚರಿಕೆ

ಕೊನೆಯದಾಗಿ ಹೇಳಬೇಕಾದುದು ಎಲ್ಲಕ್ಕಿಂತ ಮುಖ್ಯವಾದುದು. ಚಳಿಗೂ ತೇವಕ್ಕೂ ಬೇಸತ್ತ ಜನ ಬಾಗಿಲು ಕಿಟಕಿಗಳನ್ನು ಮುಚ್ಚಿ, ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದುಂಟು. ಇದ್ದಿಲಿನಿಂದ ಆವಿ ಹೆಚ್ಚು ಬಾರದೆಂಬುದು ನಿಜ. ಆದರೆ ಗಾಳಿ ಸಾಲದೆ ಉರಿಯುವ ಇದ್ದಿಲು ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಎಚ್ಚರಗೊಳ್ಳದೆಯೇ ಸಾಯುತ್ತಾರೆ. ಸೀಮೆಎಣ್ಣೆಯ ಅಥವಾ ಅನಿಲದ ಒಲೆಯನ್ನು ಶಾಖಕ್ಕಾಗಿ ಉರಿಸಿದರೆ ಈ ಅಪಾಯದ ಜೊತೆಗೆ ಆವಿಯೂ ಸೇರುತ್ತದೆ. ಹೊಗೆಕೊಳವೆಯಿಲ್ಲದ ಯಾವ ಬೆಂಕಿಯನ್ನೂ ಮುಚ್ಚಿದ ತಗಡಿನ ಕೋಣೆಯಲ್ಲಿ ರಾತ್ರಿ ಉಳಿಸಕೂಡದು.

ತೇವವನ್ನು ಸಹಿಸಿಕೊಂಡು ಸುಮ್ಮನಿರುವುದೂ ಕ್ಷೇಮವಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ ಮುಂತಾದ ಶ್ವಾಸಸಂಬಂಧವಾದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಎತ್ತಿ ಹೇಳಿದೆ. ಇಂತಹ ಕೋಣೆಗಳಲ್ಲಿ ಇರುವವರು ಬಹುಮಟ್ಟಿಗೆ ಬಾಡಿಗೆಯವರು ಹಾಗೂ ಕೂಲಿಕಾರರು. ಮಾಡು ಅವರದಲ್ಲ, ಕಾಯಿಲೆ ಅವರದು. ಒಂದು ಶೀಟಿನ ಕೋಣೆ ಕಟ್ಟುವಾಗ ಎರಡು ಕಂಡಿ ಬಿಡಿಸಲು ತಗಲುವ ವೆಚ್ಚ ಅಲ್ಪವೆಂಬುದನ್ನು ಕಟ್ಟಿಸುವವರು ಗಮನಿಸಬೇಕು.

ವಿಜಯನಗರದ ಆ ಕುಟುಂಬವು ಮರುವರ್ಷ ಗಾರೆಯನ್ನು ಕೆತ್ತಿಸಿ ಸಂದುಗಳನ್ನು ತೆರೆಯಿತು. ಎದುರು ಗೋಡೆಯಲ್ಲಿ ಕೆಳಗೊಂದು ಜಾಲರಿಯ ಕಂಡಿಯನ್ನೂ ಮಾಡಿಸಿತು. ಕೋಣೆ ಮೊದಲಿಗಿಂತ ತುಸು ಚಳಿಯಾಯಿತೆಂದು, ಅದಕ್ಕಾಗಿ ಇನ್ನೊಂದು ಕಂಬಳಿ ಕೊಳ್ಳಬೇಕಾಯಿತೆಂದು ಮನೆಯಾಕೆ ಹೇಳಿದರು. ಅತಿ ಚಳಿಯ ಕೆಲವು ನಸುಕುಗಳಲ್ಲಿ ಶೀಟಿನ ಮೇಲೆ ಹನಿ ಕಾಣುವುದು ಪೂರ್ತಿ ನಿಂತಿಲ್ಲ. ಆದರೆ ಹಾಸಿಗೆಯ ಮೇಲೆ ತೊಟ್ಟಿಕ್ಕುವುದು ನಿಂತಿತು; ಟಾರಿಗಾಗಿ ಮತ್ತೆ ಹಣ ತೆರಬೇಕಾಗಲಿಲ್ಲ.